ಅಮ್ಮೀಟರಿನ ಬೆನ್ನ ಮೇಲಿನ ಅಕ್ಷರ

ಇಳಕಲ್ಲಿನ ನಮ್ಮ ಓಣಿಯಲ್ಲಿ ಮೊನ್ನೆ ಎದುರುಮನೆಯವರು ಹೊಸ ಕಾರು ತಂದರು. ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಪೇಢೆ ಹಂಚಿದ ಮೇಲೆ, "ಬರ್ರಿ ಟೀಚರ, ಒಂದ್ಸಲ ಒಳಗ ಕುಂತು ನೋಡ್ರಿ" ಎಂದು ಕರೆದರು. ಹೋಗಿ ಕುಳಿತೆ. ಎದುರಿಗೆ ದೊಡ್ಡ ಮೊಬೈಲಿನಂಥ ಗಾಜು, ಅದರ ತುಂಬ ಬಣ್ಣಬಣ್ಣದ ಚಿತ್ರಗಳು. ನಾನು ಹುಡುಕಿದ್ದು ಮುಳ್ಳನ್ನು. ಇಡೀ ಕಾರಿನಲ್ಲಿ ಒಂದೇ ಒಂದು ಮುಳ್ಳಿರಲಿಲ್ಲ.

"ಬ್ಯಾಟರಿ ಚಾರ್ಜ್ ಆಗಾಕತ್ತೈತೋ ಇಲ್ಲೋ, ಹೆಂಗ ಗೊತ್ತಾಗತೈತಿ?" ಎಂದು ಕೇಳಿದೆ.

"ಏನರ ಕೆಟ್ರ ಕೆಂಪು ದೀಪ ಹತ್ತತೈತ್ರಿ."

ಕೆಟ್ಟ ಮೇಲೆ ಹತ್ತುವ ದೀಪ! ಅದಕ್ಕಿಂತ ಮೊದಲು ಒಳಗೆ ಏನು ನಡೆದಿದೆ ಎಂದು ಅದು ಬಾಯಿ ಬಿಡುವುದಿಲ್ಲ. ಇಂಥವರನ್ನು ನಾನು ಕ್ಲಾಸಿನಲ್ಲಿ ಬಹಳ ಜನರನ್ನು ನೋಡಿದ್ದೇನೆ. ಪೇಢೆ ತಿಂದು, ಕಾರು ಚೆನ್ನಾಗಿದೆ ಎಂದು ಹೇಳಿ ಎದ್ದು ಬಂದೆ.

ನೀನು ನಂಬುವುದಾದರೂ ಯಾವುದನ್ನು ಎಂದು ನಮ್ಮವರು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆಯೇ. ಮೂವತ್ತು ವರ್ಷ ಹುನಗುಂದದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿದವಳು ನಾನು. ಪಾಠ ಹೇಳಿದ್ದಕ್ಕಿಂತ ಪರೀಕ್ಷಾ ಕೋಣೆಯಲ್ಲಿ ಸುತ್ತಿದ್ದೇ ನನ್ನ ಸ್ವಭಾವವನ್ನು ತಿದ್ದಿತು, ಅಥವಾ ಕೆಡಿಸಿತು. ಅಂಗಿಯ ತೋಳಿನೊಳಗೆ, ಕಂಪಾಸ್ ಪೆಟ್ಟಿಗೆಯ ಮುಚ್ಚಳದಲ್ಲಿ ಚೀಟಿ ಹಿಡಿದಿದ್ದೇನೆ. ಒಮ್ಮೆ ನೀರಿನ ಬಾಟಲಿಗೆ ಸುತ್ತಿದ ಕಾಗದದ ಒಳಮೈಯಲ್ಲಿ ಓಮ್‌ನ ನಿಯಮ ಸಿಕ್ಕಿತು. ಅದನ್ನು ಕಂಡ ಮೇಲೆ ಹಾಲಿನ ಪ್ಯಾಕೆಟ್ಟನ್ನೂ ತಿರುಗಿಸಿ ನೋಡದೆ ಕೊಳ್ಳಲು ಮನಸ್ಸು ಬರುವುದಿಲ್ಲ. ನಾಲ್ಕು ವರ್ಷದ ಹಿಂದೆ ನಾನು ನಿವೃತ್ತಳಾದೆ. ಕಣ್ಣುಗಳು ಆಗಲಿಲ್ಲ.

ನನ್ನ ಹತ್ತಿರ ಇರುವುದು ಅಪ್ಪನ ಕಾಲದ ಕಾರು. ಅದರ ಹೆಸರು ಬೇಡ. ದುಂಡು ಬೆನ್ನಿನದು, ಮುಂದೆ ಎರಡು ದೊಡ್ಡ ಕಣ್ಣಿನದು ಎಂದರೆ ನನ್ನ ವಯಸ್ಸಿನವರಿಗೆ ಗೊತ್ತಾಗುತ್ತದೆ. ಅಪ್ಪ ಹುನಗುಂದದ ದನದ ದವಾಖಾನೆಯಲ್ಲಿ ಡಾಕ್ಟರಾಗಿದ್ದರು. ಗುಡೂರು, ಬೇವೂರು ಎಂದು ಸುತ್ತಮುತ್ತಲಿನ ಊರುಗಳಿಗೆಲ್ಲ ಈ ಕಾರಿನಲ್ಲೇ ಓಡಾಟ. ಹೋಗುವಾಗ ಹಿಂದಿನ ಸೀಟಿನಲ್ಲಿ ಔಷಧದ ಪೆಟ್ಟಿಗೆ ಇರುತ್ತಿತ್ತು. ಬರುವಾಗ ಒಂದು ಕಾಯಿಲೆಯ ಕುರಿ, ಅದನ್ನು ಅಪ್ಪಿ ಹಿಡಿದ ಕುರಿಗಾರ, ಅವನ ಕಂಬಳಿ. ದಾರಿಯುದ್ದಕ್ಕೂ ಅವನು ತನ್ನ ದೇವರು ಬೀರಪ್ಪನನ್ನು ನೆನೆಯುತ್ತಿದ್ದ, ಕುರಿ ನನ್ನ ಜಡೆ ತಿನ್ನುತ್ತಿತ್ತು. ನಾನು ಬರುವ ಮೊದಲೇ ನನ್ನ ವಾಸನೆ ಬರುತ್ತದೆ ಎಂದು ಶಾಲೆಯ ಗೆಳತಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು.

ಮುಂದಿನ ಸೀಟಿನಲ್ಲಿ ಕೂರುವ ನನಗೊಂದು ಕೆಲಸವಿತ್ತು. ಡ್ಯಾಶ್‌ಬೋರ್ಡಿನಲ್ಲಿ ಬಳೆಯಷ್ಟು ಅಗಲದ ಒಂದು ಮೀಟರ್. ನಡುವೆ ಸೊನ್ನೆ, ಎಡತುದಿಗೆ ಮೂವತ್ತು, ಬಲತುದಿಗೂ ಮೂವತ್ತು. ಅದೇ ಅಮ್ಮೀಟರ್. ಅಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಕೇಳುತ್ತಿದ್ದರು: "ಮುಳ್ಳು ಎತ್ತಾಗ ಐತಿ?"

"ಬಲಕ್ಕ ಐತಿ ಅಪ್ಪಾ."

"ಹಂಗಾರ ಬರೂದು ಬರಾಕತ್ತೈತಿ."

ಎಡಕ್ಕೆ ವಾಲಿದರೆ, "ಹೋಗೂದು ಹೋಗಾಕತ್ತೈತಿ" ಎನ್ನುತ್ತಿದ್ದರು. ಟಾಕಿಯಲ್ಲಿ ನೀರೆಷ್ಟಿದೆ ಎಂದು ಅದು ಹೇಳುವುದಿಲ್ಲ, ನೀರು ಒಳಗೆ ಬರುತ್ತಿದೆಯೋ ಹೊರಗೆ ಹೋಗುತ್ತಿದೆಯೋ ಎಂಬುದನ್ನಷ್ಟೇ ಹೇಳುತ್ತದೆ ಎಂದು ಅವರೇ ತಿಳಿಸಿಕೊಟ್ಟಿದ್ದರು. ದೊಡ್ಡ ದೀಪ ಹಾಕಿದ ಕೂಡಲೇ ಮುಳ್ಳು ಎಡಕ್ಕೆ ಬೀಳುತ್ತಿತ್ತು, ಅಪ್ಪ ಆಕ್ಸಿಲೇಟರ್ ಒತ್ತಿದರೆ ಮೆಲ್ಲಗೆ ಎದ್ದು ಬಲಕ್ಕೆ ಬರುತ್ತಿತ್ತು. ಗಾಜಿನ ಹಿಂದೆ ಯಾವುದೋ ಜೀವ ಕೂತಿದೆ ಎಂದೇ ನಾನು ಬಹಳ ದಿನ ನಂಬಿದ್ದೆ. ಬಹುಶಃ ಜೀವನದಲ್ಲಿ ವಿಚಾರಿಸದೆ ನಂಬಿದ್ದು ಅದೊಂದನ್ನೇ.

ಸಂಶಯ ನನಗೆ ಬಂದದ್ದೂ ಅಪ್ಪನಿಂದಲೇ ಇರಬೇಕು. ಯಾವುದೋ ಊರಿನ ಮಿಸ್ತ್ರಿ ತಮ್ಮ ಜಾಕ್ ಬದಲಿಸಿದ ಎಂಬ ಗುಮಾನಿ ಬಂದಾಗಿನಿಂದ ಅವರು ಬ್ಯಾಟರಿ, ಜಾಕ್, ಮೀಟರ್ ಹೀಗೆ ಕೈಗೆ ಸಿಕ್ಕ ಪ್ರತಿಯೊಂದರ ಬೆನ್ನಿಗೂ ದಬ್ಬಣದಿಂದ 'ಬ' ಎಂದು ಗೀರಿದ್ದರು. ಬಸವರಾಜ ಎಂಬುದರ ಬ.

ಹೋದ ವರ್ಷ ಆ ಕಾರಿನ ದೀಪಗಳು ಮಂಕಾದವು. ಬಾಗಲಕೋಟೆಯ ಮಾಳಪ್ಪನ ಹತ್ತಿರ ಬಿಟ್ಟು ಬಂದೆ. ಮಾಳಪ್ಪ ಗಾಡಿಗಳ ವಾಯರಿಂಗ್ ಮಾಡುವವನು, ಇಪ್ಪತ್ತು ವರ್ಷದಿಂದ ನಮ್ಮ ಕಾರು ಅವನ ಕೈಯಲ್ಲೇ ಇದೆ. ಗುಡೂರಿನ ಕುರಿಗಾರರ ಮನೆಯವನು. ತಾನು ಹುಟ್ಟಿ ಮೊದಲು ಹತ್ತಿದ ಕಾರು ಇದೇ, ಹಿಂದಿನ ಸೀಟಿನಲ್ಲಿ ಕುರಿ ಹಿಡಿದು ಕುಳಿತಿದ್ದೆ ಎಂದು ಬಂದವರಿಗೆಲ್ಲ ಹೇಳುತ್ತಾನೆ. ಎರಡು ದಿನ ಬಿಟ್ಟು ನಾನು ಬಸ್ಸಿನಲ್ಲಿ ಹೋದಾಗ ಅವನಿರಲಿಲ್ಲ. ಪಕ್ಕದ ಚಹದಂಗಡಿಯವನು ಕೀಲಿಕೈ ಕೊಟ್ಟು, "ಮಾಳಪ್ಪ ಬಾದಾಮಿಗೆ ಹೋಗ್ಯಾನ್ರಿ. ಅಲ್ಲೆ ನಿಮ್ಮಂಥದ ಒಂದು ಹಳೇ ಗಾಡಿ ಕೆಟ್ಟೈತಂತ" ಎಂದ.

ಊರು ದಾಟುವಾಗ ಅಭ್ಯಾಸದಂತೆ ಮುಳ್ಳಿನ ಕಡೆ ನೋಡಿದೆ. ಹಳದಿಗಟ್ಟಿದ ಬಿಳಿ ಮುಖದ ಮೀಟರ್ ಅಲ್ಲಿರಲಿಲ್ಲ. ಕಪ್ಪು ಮುಖದ ಇನ್ನೊಂದು ಕೂತಿತ್ತು. ತುದಿಗಳಲ್ಲಿ ಮೂವತ್ತಿನ ಬದಲು ಅರವತ್ತು. ಮುಳ್ಳೋ ಶುದ್ಧ ಸೋಮಾರಿ. ಅಪ್ಪನ ಮೀಟರಿನ ಮುಳ್ಳು ಓಡುತ್ತಿದ್ದಲ್ಲಿ ಇದು ಅರ್ಧ ದಾರಿಯೂ ಹೋಗುತ್ತಿರಲಿಲ್ಲ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಫೋನ್ ಮಾಡಿ ಕೇಳುತ್ತಿದ್ದಿರಿ. ನಾನು ಕೇಳಲಿಲ್ಲ. ಚೀಟಿ ಇಟ್ಟುಕೊಂಡವನನ್ನು ಕೇಳಿದರೆ ಚೀಟಿ ನುಂಗಿಬಿಡುತ್ತಾನೆ. ಸದ್ದಿಲ್ಲದೆ ಅವನ ಬೆನ್ನ ಹಿಂದೆ ಹೋಗಿ ನಿಲ್ಲಬೇಕು.

ಮರುದಿನ ಬೆಳಿಗ್ಗೆ ಬ್ಯಾಟರಿಯ ವಾಯರ್ ತೆಗೆದು, ಡ್ಯಾಶ್‌ಬೋರ್ಡಿನ ಕೆಳಗೆ ಕೈ ತೂರಿಸಿ ಆ ಮೀಟರನ್ನು ಹೊರಗೆಳೆದೆ. ಬೆನ್ನಿಗೆ 'ಬ' ಇರಲಿಲ್ಲ. ಇರುವುದಿಲ್ಲವೆಂದು ಗೊತ್ತಿತ್ತು, ಆದರೂ ಸಾಕ್ಷಿ ಬೇಕಲ್ಲ. ಎರಡು ವಾಯರುಗಳನ್ನು ಮತ್ತೆ ಸಿಕ್ಕಿಸಿ ನಟ್ಟನ್ನು ಬೆರಳಲ್ಲೇ ತಿರುಗಿಸಿ ಕೂರಿಸಿದೆ. ಕೊನೆಗೆ ಒಂದು ಸಣ್ಣ ಸ್ಪ್ರಿಂಗ್ ವಾಶರ್ ಕಾಲ ಬಳಿ ಉಳಿದಿತ್ತು. ಕಾರು ಸ್ಟಾರ್ಟ್ ಆಯಿತು. ಹಾಗಾದರೆ ಅದು ಬೇಡದ ವಾಶರ್ ಎಂದು ತೀರ್ಮಾನಿಸಿ ಹೊಲಿಗೆಯ ಡಬ್ಬಿಗೆ ಹಾಕಿದೆ.

ಅಂದಿನಿಂದ ಮುಳ್ಳು ಉಲ್ಟಾ ನಡೆಯತೊಡಗಿತು. ಕಾರು ಓಡುವಾಗ ಎಡಕ್ಕೆ ವಾಲುತ್ತಿತ್ತು, ಇಂಜಿನ್ ನಿಲ್ಲಿಸಿ ದೀಪ ಹಾಕಿದರೆ ಬಲಕ್ಕೆ. ಅಪ್ಪನ ಒಳ್ಳೆಯ ಮೀಟರ್ ಹೊಡೆದು ಕೆಟ್ಟ ಮಾಲು ಕೂರಿಸಿದ್ದಾನೆ ಎಂಬುದಕ್ಕೆ ನನಗೆ ಎರಡನೇ ಸಾಕ್ಷಿ ಸಿಕ್ಕಂತಾಯಿತು.

ನಮ್ಮವರು ಕಟ್ಟೆಯ ಮೇಲೆ ಪೇಪರ್ ಹಿಡಿದು ಕುಳಿತಿದ್ದರು. ಅವರು ಪೋಸ್ಟ್ ಮಾಸ್ತರರಾಗಿ ನಿವೃತ್ತರಾದವರು, ಮಾತು ಕಡಿಮೆ. "ಮಾಳಪ್ಪಗ ಒಂದ್ ಫೋನ್ ಮಾಡಬಾರ್ದೇನು?" ಎಂದರು.

"ಕಳ್ಳಗ ಫೋನ್ ಮಾಡಿ, ನೀ ಕದ್ದೀಯೇನಪಾ ಅಂತ ಕೇಳೂದೇನ್ರಿ?"

ಅವರು ಪೇಪರಿನ ಪುಟ ತಿರುಗಿಸಿದರು.

ಬಾದಾಮಿಯಲ್ಲಿರುವ ಆ ಇನ್ನೊಂದು ಕಾರಿನ ಪತ್ತೆ ಎದುರುಮನೆಯ ಹುಡುಗಿಯ ಮೊಬೈಲಿನಲ್ಲಿ ಸಿಕ್ಕಿತು. ಈಗ ಮದುವೆಗೆ ಮೊದಲೇ ಗಂಡುಹೆಣ್ಣು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅದಕ್ಕೆ ಒಬ್ಬರು ನಮ್ಮಂಥದೇ ಹಳೆಯ ಕಾರನ್ನು ಅಲ್ಲಿನ ಬಂಡೆಯ ಕೆಳಗಿನ ಹೊಂಡದ ದಂಡೆಯಲ್ಲಿ ನಿಲ್ಲಿಸಿರುತ್ತಾರಂತೆ. "ಬಾದಾಮಿ ಬನಶಂಕರಿಗೆ ಹೋಗಿ ಭಾಳ ದಿನ ಆತು, ಹೋಗಿ ಬರೂನು" ಎಂದೆ. ನಮ್ಮವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ನಾನು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡೆ. ದೇವಿಗೆ ಕೈಮುಗಿದಿದ್ದು ಎರಡು ನಿಮಿಷ. ಅಲ್ಲಿಂದ ನೇರ ಹೊಂಡದ ದಂಡೆಗೆ.

ಕಾರು ಅಲ್ಲಿತ್ತು, ಮೈತುಂಬ ಪ್ಲಾಸ್ಟಿಕ್ ಚೆಂಡುಹೂವು ಹಾಕಿಕೊಂಡು. ಸುತ್ತ ಯಾರೂ ಇಲ್ಲದ್ದು ನೋಡಿ ಕಿಟಕಿಯೊಳಗೆ ತಲೆ ಹಾಕಿದೆ. ಹಳದಿಗಟ್ಟಿದ ಬಿಳಿ ಮುಖ, ನಡುವೆ ಸೊನ್ನೆ, ತುದಿಗಳಲ್ಲಿ ಮೂವತ್ತು. ಬೆನ್ನಿನ 'ಬ' ಕಾಣುತ್ತದೇನೋ ಎಂದು ಇನ್ನಷ್ಟು ಒಳಗೆ ಬಗ್ಗಿದೆ.

"ಏನ್ ಹುಡಕಾಕತ್ತೀರಿ ಅಮ್ಮಾರ?" ಹಿಂದಿನಿಂದ ದನಿ ಬಂತು. ಕಾರಿನ ಯಜಮಾನ ಯಮನಪ್ಪ. ತಲೆ ಹೊರಗೆ ತೆಗೆಯುವಾಗ ಕಿಟಕಿಗೆ ಹಣೆ ಬಡಿಯಿತು.

"ಏನಿಲ್ಲಪಾ, ಗಾಡಿ ಚಂದ ಐತಿ ಅಂತ..."

ಅವನು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಕಂಪಾಸ್ ಪೆಟ್ಟಿಗೆ ಬಿಚ್ಚಿಸುವಾಗ ನಾನು ಮಕ್ಕಳನ್ನು ನೋಡುತ್ತಿದ್ದ ನೋಟವೇ ಅದು. "ಫೋಟೋ ಸಲುವಾಗಿ ಬಂದೀರೇನ್ರಿ? ಮದುವಿ ಯಾರದ್ರಿ?"

ನಾನು ತಡವರಿಸುತ್ತಿರುವಾಗ ನಮ್ಮವರು ಮುಂದೆ ಬಂದು, "ನಮ್ಮದ. ಆಗಿ ಮೂವತ್ನಾಕು ವರ್ಷ ಆತು, ಫೋಟೋ ಒಂದು ಉಳದಿತ್ತು" ಎಂದರು.

ಯಮನಪ್ಪ ನಕ್ಕುಬಿಟ್ಟ. ನಮ್ಮಿಬ್ಬರನ್ನೂ ಮುಂದಿನ ಸೀಟಿನಲ್ಲಿ ಕೂರಿಸಿ ನನ್ನದೇ ಮೊಬೈಲಿನಲ್ಲಿ ಫೋಟೋ ತೆಗೆದ. ನಮ್ಮವರು ನನ್ನ ಹೆಗಲ ಮೇಲೆ ಕೈಯಿಟ್ಟು ಕ್ಯಾಮೆರಾದ ಕಡೆ ನೋಡಿ ನಗುತ್ತಿದ್ದಾರೆ. ನಾನು ಕೋಳಿಮರಿಯನ್ನು ಕಂಡ ಹದ್ದಿನಂತೆ ಮೀಟರಿನ ಕಡೆ ನೋಡುತ್ತಿದ್ದೇನೆ.

"ಈ ಮೀಟರ ಹೊಸದಾಗಿ ಹಾಕ್ಸೀಯೇನಪಾ?" ಎಂದು ಸಹಜವಾಗಿ ಕೇಳುವಂತೆ ಕೇಳಿದೆ.

"ಮೀಟರದ್ದು ಗೊತ್ತಿಲ್ರಿ. ಮೊನ್ನೆ ಬಾಗಲಕೋಟಿ ಮಾಳಪ್ಪ ಬಂದು ಎಲ್ಲಾ ನೋಡಿ ರಿಪೇರಿ ಮಾಡಿ ಹೋದ."

ಸಾಕಾಯಿತು. ಮೆಟ್ಟಿಲ ಮೇಲೆ ಕುಳಿತು ರೊಟ್ಟಿ ತಿಂದೆವು. ನಮ್ಮವರು ಚಟ್ನಿಗೆ ಮೊಸರು ಕಲಸಿಕೊಂಡು, ಹೊಂಡದ ನೀರು, ಮೇಲಿನ ಕೆಂಪು ಬಂಡೆ, ಕೋತಿಗಳು ಎಂದು ಏನೇನೋ ತೋರಿಸುತ್ತಿದ್ದರು. ನನ್ನ ತಲೆಯಲ್ಲಿ ಮಾಳಪ್ಪನಿಗೆ ಕೇಳಬೇಕಾದ ಪ್ರಶ್ನೆಗಳು ಸಾಲಾಗಿ ನಿಂತಿದ್ದವು. ಇಳಕಲ್ಲಿನ ದಾರಿ ಬಿಟ್ಟು ಬಾಗಲಕೋಟೆಯ ಕಡೆ ಕಾರು ತಿರುಗಿಸಿದಾಗ ಅವರು ಸ್ವಲ್ಪ ಗಾಬರಿಯಾದರು. "ಒಂದ್ ಮಾತು ಹೇಳೂದಿತ್ತು..."

"ಆಮ್ಯಾಲೆ ಹೇಳ್ರಿ."

ಸ್ವಲ್ಪ ದೂರ ಹೋದ ಮೇಲೆ, "ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲ" ಎಂದರು.

"ಯಾರೋ ಹೊಲದಾಗ ಕಸ ಸುಡಾಕತ್ತಾರ. ನೀವು ಸುಮ್ನ ಕುಂದರ್ರಿ."

ಮಾಳಪ್ಪ ಒಂದು ಟ್ರ್ಯಾಕ್ಟರಿನ ದೀಪ ಬಿಚ್ಚುತ್ತ ಕುಳಿತಿದ್ದ. ಟ್ರ್ಯಾಕ್ಟರಿನವರಿಬ್ಬರು ಬೆಂಚಿನ ಮೇಲೆ ಚಹ ಕುಡಿಯುತ್ತಿದ್ದರು. ನಾನು ಇಂಜಿನ್ ಕೂಡ ನಿಲ್ಲಿಸದೆ ಇಳಿದು ಹೋದೆ.

"ನಮ್ಮಪ್ಪನ ಮೀಟರ ಎಲ್ಲೈತಿ ಮಾಳಪ್ಪ?"

ಅವನು ನಗುತ್ತಲೇ ಎದ್ದ. "ಬರ್ರಿ ಅಕ್ಕಾರ, ಅದು..."

"ಎಲ್ಲೈತಿ ಅಂತ ನಾ ಹೇಳ್ತೇನಿ. ಬಾದಾಮ್ಯಾಗ ಯಮನಪ್ಪನ ಗಾಡ್ಯಾಗ ಐತಿ. ಕಣ್ಣಾರೆ ನೋಡಿ ಬಂದೇನಿ. ಇಪ್ಪತ್ತು ವರ್ಷ ನಿನ್ನ ನಂಬಿ ಗಾಡಿ ಬಿಟ್ಟೇನಿ. ನೀ ಅದನ್ನ ತಗದು ಮತ್ತೊಬ್ಬರಿಗೆ ಮಾರ್ತಿ. ಇದಕ್ಕ ಕಳವು ಅಂತಾರ, ಗೊತ್ತೈತಿಲ್ಲ?"

ಚಹ ಕುಡಿಯುವವರ ಕೈ ಅಲ್ಲಲ್ಲೇ ನಿಂತಿತು. ಮಾಳಪ್ಪನ ಮುಖದ ನಗು ಹೋಯಿತು. ಏನೋ ಹೇಳಲು ಬಾಯಿ ತೆರೆದವನು ಅರ್ಧಕ್ಕೇ ನಿಲ್ಲಿಸಿ ಮೂಗು ಅರಳಿಸಿದ. ನನ್ನ ಹೆಗಲಾಚೆ ನೋಡಿದ. ಮರುಕ್ಷಣ ನನ್ನನ್ನು ಪಕ್ಕಕ್ಕೆ ತಳ್ಳಿ ಕಾರಿನ ಕಡೆ ಓಡಿದ.

"ಸಾಹೇಬ್ರ, ಇಳೀರಿ! ಕೆಳಗ ಇಳೀರಿ!"

ತಿರುಗಿ ನೋಡಿದರೆ ಡ್ಯಾಶ್‌ಬೋರ್ಡಿನ ಸಂದಿಯಿಂದ ಬೂದು ಹೊಗೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಹೊಗೆಯ ನಡುವೆ ನಮ್ಮವರು ಬಾಗಿಲಿನ ಹಿಡಿಕೆ ಹುಡುಕುತ್ತಿದ್ದರು. ಮಾಳಪ್ಪ ಹೊರಗಿನಿಂದ ಬಾಗಿಲು ತೆರೆದು ಅವರ ತೋಳು ಹಿಡಿದು ಎಳೆದ, ಇಂಜಿನ್ ನಿಲ್ಲಿಸಿದ, ಬಾನೆಟ್ ಎತ್ತಿ ಬ್ಯಾಟರಿಯ ವಾಯರ್ ಕಿತ್ತ. ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿದವನು "ಹಾ!" ಎಂದು ಕೈ ಝಾಡಿಸಿದ. ಅಂಗೈಯಲ್ಲಿ ಕೆಂಪಗೆ ಬರೆ ಎದ್ದಿತ್ತು. ಟ್ರ್ಯಾಕ್ಟರಿನವನು ಚೊಂಬಿನಿಂದ ಅವನ ಕೈಗೆ ನೀರು ಸುರಿದ.

ಬಿಸಿ ಆರಿದ ಮೇಲೆ ಮಾಳಪ್ಪ ಮೀಟರನ್ನು ಹೊರತೆಗೆದು ತಿರುಗಿಸಿ ನೋಡಿದ.

"ಇದನ್ನ ಯಾರು ಬಿಚ್ಚ್ಯಾರ? ನಟ್ಟು ಸಡ್ಲ ಐತಿ. ವಾಶರ್ ಇಲ್ಲ. ವಾಯರ್ ಅದಲಿ ಬದಲಿ."

ಸುಳ್ಳು ಹೇಳೋಣವೆಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಸಿಕ್ಕಿಬಿದ್ದ ಮಕ್ಕಳು ಹೇಳುತ್ತಿದ್ದ ಸುಳ್ಳುಗಳೆಲ್ಲ ನಾಲಿಗೆಯ ತುದಿಗೆ ಬಂದವು. "ನಾನು" ಎಂದೆ. "ಹಿಂದ ಅಪ್ಪನ ಅಕ್ಷರ ಐತೋ ಇಲ್ಲೋ ನೋಡಾಕ."

ಮಾಳಪ್ಪ ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದ. ಅದರೊಳಗೆ ಅರಿವೆಯಲ್ಲಿ ಸುತ್ತಿದ ಅಪ್ಪನ ಮೀಟರ್ ಇತ್ತು. ಬೆನ್ನಿಗೆ 'ಬ' ಇತ್ತು. ಅಕ್ಷರದ ಸುತ್ತ ಹೆಂಚಿನ ತಳದಂತೆ ಕಪ್ಪಗೆ ಸುಟ್ಟಿತ್ತು.

"ಗಾಡೀದು ಎಲ್ಲಾ ಕರೆಂಟು ಈ ಎರಡು ನಟ್ಟಿನ ಮ್ಯಾಲೆ ಹಾದು ಹೋಗಬೇಕ್ರಿ" ಎಂದ, ನನ್ನ ಮುಖ ನೋಡದೆ. "ನಟ್ಟಿನ ಬುಡಕಿನ ಬಿಲ್ಲಿ, ಅಂದ್ರ ಕರೆಂಟ್ ತಡಿಯೂ ಫೈಬರ್ ವಾಶರ್, ಸುಟ್ಟಿತ್ತು. ಇನ್ನೊಂದ್ ವಾರ ಬಿಟ್ಟಿದ್ರ ನಿಮ್ಮ ಗಾಡಿ ಹಾದ್ಯಾಗ ಹತ್ತಿ ಉರೀತಿತ್ತು. ನೀವು ಹೊಸ ದೀಪ, ದೊಡ್ಡ ಹಾರ್ನ್, ಮೊಬೈಲ್ ಚಾರ್ಜರ್ ಎಲ್ಲಾ ಹಾಕ್ಸೀರಿ, ಮೂವತ್ತರ ಮೀಟರ್ ತಡಿಯಂಗಿಲ್ಲ. ತೂತು ಒಂದ ಅಳತಿ, ಅದಕ್ಕ ಜೀಪಿನ ಅರವತ್ತರದು ಕುಂದರತೈತಿ. ಮಂದಿ ಈಗ ವೋಲ್ಟ್ ಮೀಟರ್ ಹಾಕ್ಸ್ತಾರ. ಅದು ಸಣ್ಣ ವಾಯರಿನ ಮ್ಯಾಲೆ ನಡೀತೈತಿ, ಬೆಂಕಿ ಅಂಜಿಕಿ ಇಲ್ಲ. ಆದ್ರ ಅಕ್ಕಾರಿಗೆ ಮುಳ್ಳು ಬರೂದು ಹೋಗೂದು ಕಾಣಬೇಕಲ್ಲ ಅಂತ ಎರಡು ದಿನ ಗುಜರಿ ಅಡ್ಡಾಡಿ ಇದನ್ನ ತಂದೆ. ನಿಮ್ಮ ಅಪ್ಪಾರದು ದುರಸ್ತಿ ಆಗತೈತೇನು ನೋಡಿ ಕೊಡ್ತೇನಿ ಅಂತ ಇಟ್ಕೊಂಡೆ. ಯಮನಪ್ಪನ ಗಾಡ್ಯಾಗ ಇರೂದು ಅವನ ಗಾಡೀದ ಮೀಟರ್. ಇದನ್ನೆಲ್ಲಾ ಸಾಹೇಬ್ರಿಗೆ ಫೋನಿನ್ಯಾಗ ಹೇಳೇನೆಲ್ಲ?"

ಎಲ್ಲರೂ ನಮ್ಮವರ ಕಡೆ ತಿರುಗಿದೆವು. ಅವರು ತಮ್ಮ ಚಪ್ಪಲಿ ನೋಡುತ್ತಿದ್ದರು.

ಹತ್ತನೇ ತರಗತಿಗೆ ಪ್ರತಿ ವರ್ಷ ಅಮ್ಮೀಟರ್ ಪಾಠ ಮಾಡಿದವಳು ನಾನು. ಅಳತೆಪಟ್ಟಿ ಇಮ್ಮಡಿಯಾದರೆ ಮುಳ್ಳು ಅರ್ಧವೇ ಓಡುತ್ತದೆ, ವಾಯರ್ ಅದಲುಬದಲಾದರೆ ಉಲ್ಟಾ ಓಡುತ್ತದೆ. ಎರಡನ್ನೂ ಬೋರ್ಡಿನ ಮೇಲೆ ಬರೆದಿದ್ದೆ. ನನ್ನ ಕಾರಿನಲ್ಲಿ ಅವೆರಡೂ ಕಂಡಾಗ ನನಗೆ ಹೊಳೆದದ್ದು ಕಳ್ಳತನ ಒಂದೇ.

"ತಪ್ಪಾತು ಮಾಳಪ್ಪ" ಎಂದೆ, ಟ್ರ್ಯಾಕ್ಟರಿನವರಿಗೂ ಕೇಳುವಂತೆ.

ಅವನು ಅಂಗೈಗೆ ಅರಿವೆ ಸುತ್ತಿಕೊಳ್ಳುತ್ತ, "ಕಳವು ಅಂದ್ರೆಲ್ಲ ಅಕ್ಕಾರ. ಮಂದಿ ಮುಂದ" ಎಂದ. ಗಂಟು ಬಿಗಿದು, "ಗಾಡಿ ಇಲ್ಲೇ ಇರಲಿ. ನಾಕು ದಿನ ಬಿಟ್ಟು ಬರ್ರಿ" ಎಂದು ಟ್ರ್ಯಾಕ್ಟರಿನ ಕಡೆ ಹೋದ.

ಬಸ್ಸಿನಲ್ಲಿ ಬರುವಾಗ ನಾನು ನಮ್ಮವರನ್ನು ಹಿಡಿದುಕೊಂಡೆ. ಫೋನ್ ಬಂದಿದ್ದನ್ನು ಮೊದಲು ಮರೆತಿದ್ದೆ ಎಂದರು.

"ಮತ್ತ ಯಾವಾಗ ನೆನಪಾತು?"

"ನೀ ಅದನ್ನ ಬಿಚ್ಚಿದ ದಿವಸ."

"ಆವಾಗ ಯಾಕ ಹೇಳಲಿಲ್ಲ?"

ಅವರು ಕಿಟಕಿಯ ಹೊರಗೆ ನೋಡಿದರು. "ರಿಟೈರ್ ಆದಾಗಿಂದ ನೀ ಮುಂಜಾನೆದ್ದು ಸುಮ್ನ ಕುಂದರ್ತಿದ್ದಿ. ಆವತ್ತು ನಟ್ಟು ಬಿಚ್ಚೂ ಪಾನಾ ಹಿಡಕೊಂಡು ಗಾಡಿ ಬುಡಕ ಹೊಕ್ಕಿ, ಹಾಡು ಗುನುಗಾಕತ್ತಿದ್ದಿ. ಆಮ್ಯಾಲೆ ಬಾದಾಮಿಗೆ ಹೋಗೂನು ಅಂದಿ. ಕೆಡಸೂದು ಯಾಕ ಅಂತ ಬಿಟ್ಟೆ. ಅವನ ಮುಂದ ಹಂಗ ಒದರ್ತಿ ಅಂತ ಗೊತ್ತಿದ್ರ ಹಾದ್ಯಾಗ ಕೀಲಿ ಕಸಗೋತಿದ್ದೆ."

ಸಿಟ್ಟು ಬಂತು. ಸಿಟ್ಟಿನ ಕೆಳಗೆ ಇನ್ನೇನೋ ಬಂತು, ಅದನ್ನು ಅವರಿಗೆ ತೋರಿಸಲಿಲ್ಲ. ಬಸ್ಸು ಹುನಗುಂದ ದಾಟಿತು. ಆಮೇಲೆ ಅವರು ಮೆಲ್ಲಗೆ, "ಐಹೊಳಿ ಕಡೆ ಯಾರ ಮ್ಯಾಲರ ಸಂಶಯ ಐತೇನು?" ಎಂದು ಕೇಳಿದರು. ನಾನು ನಗಲಿಲ್ಲ. ಮನೆಗೆ ಬಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು ನಕ್ಕೆ.

ನಾಲ್ಕು ದಿನ ಬಿಟ್ಟು ಒಬ್ಬಳೇ ಹೋದೆ. ಕಾರು ತಯಾರಾಗಿತ್ತು, ಆದರೆ ಜೀಪಿನ ಮೀಟರ್ ಇನ್ನೂ ಹೊರಗೇ ಇತ್ತು. ಮಾಳಪ್ಪ ಸ್ಟೂಲ್ ಹಾಕಿದ. "ನಿಮ್ಮ ಮುಂದ ಹಾಕ್ತೇನಿ, ನೋಡ್ಕೊಂಡ್ ಕುಂದರ್ರಿ" ಎಂದ. ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ. ಹೊಸ ಬಿಲ್ಲಿ, ವಾಶರ್, ನಟ್ಟು, ಪ್ರತಿಯೊಂದನ್ನೂ ತೋರಿಸಿ ತೋರಿಸಿ ಹಾಕಿದ. ಹಾಗೆ ತೋರಿಸಿದ್ದೇ ನನಗೆ ಶಿಕ್ಷೆಯಾಗಿತ್ತು. ಮುಗಿದ ಮೇಲೆ ಅಪ್ಪನ ಮೀಟರನ್ನು ನನ್ನ ಕೈಗಿಟ್ಟ. "ಇದು ಆಗಂಗಿಲ್ರಿ. ಒಳಗೂ ಸುಟ್ಟೈತಿ."

ಅದನ್ನು ತಿರುಗಿಸುತ್ತ ಕುಳಿತೆ. ಆಗ ಅವನೇ ಕೇಳಿದ: "ಅಕ್ಕಾರ, ಒಂದ್ ಮಾತು. ಇಷ್ಟು ವರ್ಷ ಇಂಥಾವು ನೂರು ಹಾಕೇನಿ. ಮುಳ್ಳು ಯಾಕ ಅಳ್ಳಾಡತೈತಿ ಅಂತ ಖರೇನ ಗೊತ್ತಿಲ್ಲ. ನೀವು ಸಾಲ್ಯಾಗ ಹೇಳ್ತಿದ್ರಿ ಅಂತೀರಲ್ಲ?"

"ಸ್ಕ್ರೂಡ್ರೈವರ್ ಕೊಡು" ಎಂದೆ.

ಅಪ್ಪನ ಮೀಟರಿನ ಗಾಜು ತೆಗೆದು ಒಳಗಿನದನ್ನು ಬೆಂಚಿನ ಮೇಲೆ ಹರಡಿದೆ. ಬಾಗಿದ ಒಂದು ಹಿತ್ತಾಳೆ ಪಟ್ಟಿ, ಒಂದು ಸಣ್ಣ ಅಯಸ್ಕಾಂತ, ಅದಕ್ಕೆ ಕೂಡಿಸಿದ ಮುಳ್ಳು. ಪಟ್ಟಿಯಲ್ಲಿ ಕರೆಂಟ್ ಹರಿದರೆ ಪಟ್ಟಿಯ ಸುತ್ತಲೂ ಅಯಸ್ಕಾಂತದ ಗುಣ ಹುಟ್ಟುತ್ತದೆ, ಅದು ಮುಳ್ಳನ್ನು ದೂಡುತ್ತದೆ, ಕರೆಂಟಿನ ದಿಕ್ಕು ತಿರುಗಿದರೆ ದೂಡುವ ದಿಕ್ಕೂ ತಿರುಗುತ್ತದೆ ಎಂದು ವಿವರಿಸಿದೆ. ಮಾಳಪ್ಪ ಬ್ಯಾಟರಿಯಿಂದ ಎರಡು ವಾಯರ್ ಎಳೆದು ತಂದ. ನಡುವೆ ಒಂದು ದೀಪ ಕೂಡಿಸಿ ಪಟ್ಟಿಗೆ ಮುಟ್ಟಿಸಿದೆವು. ಬರಿಮೈಯ ಮುಳ್ಳು ಸ್ವಲ್ಪವೇ ಬಲಕ್ಕೆ ಮಿಸುಕಿತು. ವಾಯರ್ ಬದಲಿಸಿದಾಗ ಎಡಕ್ಕೆ ಮಿಸುಕಿತು. ರಿಪೇರಿಗೆ ಬಂದವರು ಒಬ್ಬೊಬ್ಬರಾಗಿ ಬೆಂಚಿನ ಸುತ್ತ ಸೇರಿದರು. "ಹಿಂದಿನವರಿಗೆ ಕಾಣಾಕತ್ತೈತೇನು?" ಎಂದು ನಾನು ಅಭ್ಯಾಸಬಲದಿಂದ ಕೇಳಿದೆ.

"ಮತ್ತ ಸೆಲ್ಫ್ ಹೊಡದಾಗ ಮುಳ್ಳು ಯಾಕ ಓಡೂದಿಲ್ಲ?" ಎಂದು ಯಾರೋ ಕೇಳಿದರು. ನಾನು ಯೋಚಿಸುವಷ್ಟರಲ್ಲಿ ಮಾಳಪ್ಪ ಉತ್ತರ ಕೊಟ್ಟ: "ಸೆಲ್ಫ್ ಭಾಳ ಕರೆಂಟ್ ಎಳೀತೈತಿ, ಅದನ್ನ ಮೀಟರಿನ ಹಾದಿ ಬಿಟ್ಟು ಬ್ಯಾರೆ ದಪ್ಪ ವಾಯರಿನ್ಯಾಗ ಒಯ್ದಿರ್ತಾರ." ಅದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಎಲ್ಲರ ಎದುರೇ ಹೇಳಿದೆ. ಮಾಳಪ್ಪ ಅಂದು ಮೊದಲ ಸಲ ನನ್ನ ಮುಖ ನೋಡಿದ.

ಚಹ ಬಂತು, ಕುಡಿದೆವು. ಕೀಲಿಕೈ ತೆಗೆದುಕೊಂಡು ಎದ್ದೆ.

"ತಡೀರಿ ಅಕ್ಕಾರ" ಎಂದ ಮಾಳಪ್ಪ. ಗೋಡೆಗೆ ತೂಗುಹಾಕಿದ್ದ ಪಾನಾಗಳ ಹತ್ತಿರ ಹೋಗಿ, ಬರೆ ಬಿದ್ದ ಕೈಯ ಬೆರಳಿನಿಂದ ಒಂದೊಂದನ್ನೂ ಮುಟ್ಟುತ್ತ, ಎಲ್ಲರಿಗೂ ಕೇಳುವಂತೆ ಎಣಿಸತೊಡಗಿದ. ಬೆಂಚಿನ ಸುತ್ತ ನಿಂತವರು ಅವನನ್ನೂ ನನ್ನ ಕೈಚೀಲವನ್ನೂ ನೋಡುತ್ತಿದ್ದರು. ನಾನು ಅದನ್ನು ಎದೆಗೊತ್ತಿ ನಿಂತಿದ್ದೆ. ಹನ್ನೆರಡರವರೆಗೆ ಎಣಿಸಿ ಅವನು ತಿರುಗಿದ.

"ಬರೋಬ್ಬರಿ ಅದಾವ, ಒಂದೂ ಕಳವಾಗಿಲ್ಲ. ಹೋಗಿ ಬರ್ರಿ."